ಕಚ್ಚಿದ ಹಲ್ಲು

ಇವತ್ತು ಬೆಳಿಗ್ಗೆ ಡಿಕಾಕ್ಷನ್ ಇಳಿಯುವುದನ್ನೇ ಕಾಯುತ್ತಾ ಅಡುಗೆಮನೆಯಲ್ಲಿ ನಿಂತಿದ್ದೆ. ಮಗಳು ಪೂರ್ವಿ ಓಡಿಬಂದು ಅಂಗೈ ಬಿಚ್ಚಿ ತೋರಿಸಿದಳು. ಅಕ್ಕಿಕಾಳಿನಷ್ಟು ಹಲ್ಲು. ಕೆಳಸಾಲಿನ ಮುಂದಿನದು, ಅಲ್ಲಾಡಿಸಿ ಅಲ್ಲಾಡಿಸಿ ಕಡೆಗೂ ಕಿತ್ತುಕೊಂಡಿದ್ದಳು. ಮಗುವಿನ ಮೊದಲ ಹಲ್ಲು ಬಿದ್ದರೆ ತಾಯಂದಿರು ಕಣ್ಣು ಒದ್ದೆ ಮಾಡಿಕೊಳ್ಳುತ್ತಾರಂತೆ. ನನಗೆ ಬಂದದ್ದು ಸಿಟ್ಟು. ಆ ಹಲ್ಲಿನ ಪರಿಚಯ ನನಗೆ ಚೆನ್ನಾಗಿಯೇ ಇದೆ. ಕಾಫಿಯ ವಾಸನೆಗೂ ಅದಕ್ಕೂ ಒಂದು ಹಳೆಯ ಸಂಬಂಧವಿದೆ, ಪುರುಸೊತ್ತಿದ್ದರೆ ಕೂತುಕೊಳ್ಳಿ, ಹೇಳುತ್ತೇನೆ.

ನಾವಿರುವುದು ಕಾಫಿ ಸೀಮೆಯಲ್ಲಿ, ಹಾನುಬಾಳಿನ ಹತ್ತಿರ. ಗಂಡನದು ಪಂಪ್‌ಸೆಟ್ ರಿಪೇರಿ ಅಂಗಡಿ. ನಾನು ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿಯುತ್ತೇನೆ. ಪೂರ್ವಿ ಹುಟ್ಟಿದಾಗ ಇಲಿಮರಿಯ ಹಾಗಿದ್ದಳು. ನನಗೆ ಹಾಲು ಸರಿಯಾಗಿ ಬರುತ್ತಿರಲಿಲ್ಲ, ಬಂದರೆ ಅವಳಿಗೆ ಹಿಡಿಯಲು ಬರುತ್ತಿರಲಿಲ್ಲ. ಡಬ್ಬಿ ಹಾಲು ಹಾಕು ಎಂದವರಿಗೆಲ್ಲ ಹೂಂ ಎಂದು ತಲೆಯಾಡಿಸಿ, ಬಾಗಿಲು ಹಾಕಿಕೊಂಡು, ಸಬ್ಬಸಿಗೆ ಸೊಪ್ಪು ತಿಂದೂ ತಿಂದೂ ನಾಲಿಗೆ ಜಡ್ಡುಗಟ್ಟಿಸಿಕೊಂಡು, ಕಡೆಗೆ ಇಬ್ಬರೂ ಕಲಿತೆವು. ಅಷ್ಟು ಕಷ್ಟಪಟ್ಟ ಮೇಲೆ ವರ್ಷ ತುಂಬುವ ತನಕ ಬಿಡಿಸುವುದಿಲ್ಲ ಎಂದು ಹಟ ಹಿಡಿದೆ. ಯಾರಿಗೂ ಹೇಳಲಿಲ್ಲ. ಹೇಳಿದರೆ ಅದಕ್ಕೂ ನಾಲ್ಕು ಮಾತು ಬರುತ್ತದೆ.

ಅಷ್ಟರಲ್ಲಿ ಈ ಹಲ್ಲು ಬಂತು. ಹೊಂಗಡಹಳ್ಳದ ಕಮಲಕ್ಕ ಬ್ಲೌಸಿನ ಅಳತೆ ಕೊಡಲು ಬಂದು ಕೂತಿದ್ದರು, ನಾನು ಸೆರಗು ಹೊದ್ದು ಹಾಲು ಕುಡಿಸುತ್ತಿದ್ದೆ. ಇದ್ದಕ್ಕಿದ್ದಂತೆ ಕಚ್ಚಿದಳು ನೋಡಿ, ನಾನು ಕಿರುಚಿದ್ದಕ್ಕೆ ಕಮಲಕ್ಕನ ಕೈಯಿಂದ ಲೋಟ ಜಾರಿತು. ಮಗು ನನ್ನ ಮುಖ ನೋಡಿ ಕೇಕೆ ಹಾಕಿ ನಕ್ಕಿತು. ಮಾರನೆಯ ದಿನ ಇನ್ನಷ್ಟು ಉತ್ಸಾಹದಿಂದ ಕಚ್ಚಿತು.

ಆಮೇಲೆ ಬ್ಲೌಸ್ ಕೊಡಲು ಬಂದವರೆಲ್ಲ ಒಂದೊಂದು ಸಲಹೆಯನ್ನೂ ಕೊಟ್ಟು ಹೋಗತೊಡಗಿದರು. "ಮೂಗು ಹಿಡ್ಕೊಳೆ ಮಾರಾಯ್ತಿ, ತಾನೇ ಬಾಯಿ ಬಿಡ್ತೈತೆ" ಎಂದರು ಕಮಲಕ್ಕ. ಮಗುವಿನ ಉಸಿರು ಹಿಡಿಯುವಷ್ಟು ಕಟುಕಿ ನಾನಲ್ಲ. ಗಂಡ ಬಹಳ ಹೊತ್ತು ಯೋಚಿಸಿ, "ರಬ್ಬರ್ ವಾಷರ್ ಏನಾರ ಹಾಕಕ್ಕಾಯ್ತದಾ?" ಎಂದು ಕೇಳಿದರು. ತಮಾಷೆಗಲ್ಲ, ನಿಜವಾಗಿಯೇ ಕೇಳಿದರು. ಆವತ್ತು ಅವರ ಊಟ ತಡವಾಯಿತು.

ಅತ್ತೆಯದು ಮಾತ್ರ ಒಂದೇ ಮಾತು. "ಬಿಡಿಸ್ಬುಡು ಕಣೆ. ಹಲ್ಲು ಬಂದ್ಮೇಲೆ ಎದೆಹಾಲು ಏನಕ್ಕೆ? ಅನ್ನ ತಿನ್ನೋ ಮಗು ಅದು." ದಿನಾ ಹೇಳುತ್ತಿದ್ದರು. ಇವರಿಗೇನು ನನ್ನ ಮಗುವಿನ ಮೇಲೆ ಇಷ್ಟು ಹೊಟ್ಟೆಕಿಚ್ಚು ಎಂದು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ.

ಒಂದು ದಿನ ರಕ್ತ ಬಂತು. ಆಮೇಲೆ ಅವಳು ಬಾಯಿ ತೆರೆದರೇ ನನ್ನ ಮೈ ಬಿಗಿಯಾಗುತ್ತಿತ್ತು. ಅವಳು ಹಸಿದು ಅಳುವುದು, ಎತ್ತಿಕೊಳ್ಳಲು ಹೆದರಿ ನಾನೂ ಅಳುವುದು. ಕಡೆಗೆ ಸಾಕಾಯಿತು. "ಆಯ್ತು, ಏನು ಹಚ್ತೀರೋ ಹಚ್ಚಿ" ಎಂದೆ ಅತ್ತೆಗೆ.

ಮಗುವಿಗೆ ಹಾಲು ಬಿಡಿಸಲು ಎದೆಗೆ ಕಹಿ ಹಚ್ಚುವುದು ಎಲ್ಲ ಕಡೆಯೂ ಇರುವ ಪದ್ಧತಿ. ಬಯಲುಸೀಮೆಯವರಾದರೆ ಬೇವಿನ ಸೊಪ್ಪು ಅರೆಯುತ್ತಾರೆ. ನಮ್ಮ ಮಳೆಗೆ ಬೇವು ಎಲ್ಲಿ ಬರಬೇಕು? ಕೈಗೆ ಸಿಗುವ ಕಹಿ ಎಂದರೆ ಕಾಫಿ. ಅತ್ತೆ ನಮ್ಮ ಹಿತ್ತಲ ಬೀಜದ್ದೇ ಪುಡಿ ಹಾಕಿ ಗಟ್ಟಿ ಡಿಕಾಕ್ಷನ್ ಇಳಿಸಿ, ಆರಿಸಿ, ಬಟ್ಟೆಯಲ್ಲಿ ಅದ್ದಿ ಹಚ್ಚಿದರು. ಮಗು ಬಾಯಿ ಹಾಕಿತು. ಮುಖ ಹಿಂಡಿತು. ನಾನು ಉಸಿರು ಬಿಗಿಹಿಡಿದೆ. ಅದು ತುಟಿ ಚಪ್ಪರಿಸಿ, ಒಂದು ಸಲ ನನ್ನನ್ನು ನೋಡಿ, ಮತ್ತೆ ನೆಕ್ಕಿತು. ಆಮೇಲೆ ಇನ್ನೂ ಬೇಕು ಎಂಬಂತೆ ಅತ್ತೆಯ ಕೈಯಲ್ಲಿದ್ದ ಲೋಟಕ್ಕೇ ಕೈ ಚಾಚಿತು.

"ಅಯ್ಯೋ ಶಿವನೇ," ಎಂದರು ಅತ್ತೆ, "ಇದು ಕಾಫಿ ಕುಡ್ಕರ ಮನೇ ಮಗು, ಮರ್ತೇ ಹೋಗಿದ್ದೆ."

ನಾನು ಎದೆ ಒರೆಸಿಕೊಂಡು ನಕ್ಕೆ, ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ನಗುವಾಗಲೇ ನನಗೆ ಗೊತ್ತಾಯಿತು, ಮಗು ನಿಜಕ್ಕೂ ಎದೆ ಬಿಟ್ಟುಬಿಡುತ್ತದೇನೋ ಎಂದೇ ನಾನು ಅಷ್ಟು ಹೆದರಿ ಕೂತಿದ್ದೆ. ಸರಿ, ಇನ್ನು ಯಾರ ಮಾತೂ ಬೇಡ, ಇವಳಾ ನಾನಾ ನೋಡೇಬಿಡೋಣ ಎಂದುಕೊಂಡೆ.

ಮಿಷನ್‌ಗೆ ಬಟ್ಟೆ ಮುಚ್ಚಿ ಮಗುವನ್ನೇ ನೋಡುತ್ತಾ ಕೂತೆ. ಹಸಿದು ಚೀಪುವಾಗ ಅವಳು ಕಚ್ಚುತ್ತಿರಲಿಲ್ಲ, ಆಗ ನಾಲಿಗೆ ಹಲ್ಲಿನ ಮೇಲೆ ಬಂದಿರುತ್ತಿತ್ತು. ಹೊಟ್ಟೆ ತುಂಬಿ, ಕಣ್ಣು ಅತ್ತಿತ್ತ ಓಡಿ, ದವಡೆ ಗಟ್ಟಿಯಾಯಿತೋ, ಕಚ್ಚಿದಳೆಂದೇ ಅರ್ಥ. ಅಷ್ಟರೊಳಗೆ ಕಿರುಬೆರಳನ್ನು ಬಾಯಿಯ ಮೂಲೆಗೆ ತೂರಿಸಿ ಮೆತ್ತಗೆ ಬಿಡಿಸುತ್ತಿದ್ದೆ. ಕುಡಿಸುವ ಮುಂಚೆ ಬ್ಲೌಸಿನ ಲೈನಿಂಗ್ ಬಟ್ಟೆಯ ಹೊಸ ತುಂಡನ್ನು ಒಗೆದು, ತಣ್ಣೀರಲ್ಲಿ ಅದ್ದಿ, ವಸಡಿನ ನವೆ ತೀರುವ ತನಕ ಅಗಿಯಲು ಕೊಡುತ್ತಿದ್ದೆ. ಇಷ್ಟಾದರೂ ಕಚ್ಚಿದರೆ ಕಿರುಚುತ್ತಿರಲಿಲ್ಲ. ನಾನು ಕಿರುಚಿದರೆ ಅವಳಿಗೆ ಆಟ. ಹಲ್ಲು ಕಚ್ಚಿಕೊಂಡು, ಅವಳನ್ನು ಚಾಪೆಯ ಮೇಲಿಟ್ಟು, "ಬೇಡ" ಎಂದಷ್ಟೇ ಹೇಳಿ ಸ್ವಲ್ಪ ಹೊತ್ತು ಬಿಟ್ಟು ಎತ್ತಿಕೊಳ್ಳುತ್ತಿದ್ದೆ. ಕೆಲವು ದಿನ ಅವಳು ಗೆದ್ದಳು, ಕೆಲವು ದಿನ ನಾನು. ಮೇಲಿನ ಹಲ್ಲು ಬಂದಾಗ ಇಡೀ ಪಾಠವನ್ನು ಮೊದಲಿಂದ ಶುರು ಮಾಡಬೇಕಾಯಿತು. ಆದರೆ ವರ್ಷ ತುಂಬಿತು, ಅದರಾಚೆಗೂ ಕುಡಿದಳು, ಒಂದು ದಿನ ಅವಳೇ ಬೇಡವೆಂದು ಎದ್ದು ಹೋದಳು.

ಇವತ್ತು ಆ ಹಲ್ಲನ್ನು ಸೂರಿನ ಮೇಲೆ ಎಸೆಯಬೇಕಿತ್ತು. ಸಗಣಿ ಉಂಡೆಯಲ್ಲಿಟ್ಟು ಎಸೆಯುವುದು ರೂಢಿ. ನಮ್ಮಲ್ಲಿ ಈಗ ದನ ಇಲ್ಲ, ಹಾಗೇ ಎಸೆದೆ. ಶೀಟಿನ ಇಳಿಜಾರಿನಲ್ಲಿ ಉರುಳಿ ವಾಪಸ್ ಅಂಗಳಕ್ಕೇ ಬಿತ್ತು. ಪೂರ್ವಿ ಹೆಕ್ಕಿ ತಂದಳು.

"ಇದೇ ಹಲ್ಲಾ ನಿನ್ನ ಕಚ್ಚಿದ್ದು?" ಎಂದಳು. ಕಾಫಿಯ ಕತೆ ಅತ್ತೆ ಹೇಳಿ ಹೇಳಿ ಅವಳಿಗೆ ಬಾಯಿಪಾಠ.

"ಇದೇ."

"ಮತ್ತೆ ಯಾಕೆ ಹಾಲು ಬಿಡಿಸ್ಲಿಲ್ಲ?"

"ಸಿಟ್ಟು ಬಂದಿತ್ತು, ಅದಕ್ಕೇ."

ಜಗಲಿಯಲ್ಲಿ ಕೂತಿದ್ದ ಅತ್ತೆ ನಗುತ್ತಾರೆ ಎಂದುಕೊಂಡೆ. ಅವರು ನಗಲಿಲ್ಲ. "ನಿಮ್ಮಪ್ಪಂಗೆ ನಾನು ಬಿಡಿಸ್ಬುಟ್ಟಿದ್ದೆ ಕಣವ್ವ," ಎಂದರು ಮೊಮ್ಮಗಳಿಗೆ. "ಎರಡು ಹಲ್ಲು ಬಂದಿದ್ವು ಅಷ್ಟೇ. ನಮ್ಮತ್ತೆ ಹಾಗಲಕಾಯಿ ಅರೆದು ಹಚ್ಚಿದ್ರು. ಒಂದ್ಸಲ ಬಾಯಿ ಹಾಕಿ ನನ್ ಮುಖ ನೋಡ್ದ. ಮತ್ತೆ ಹತ್ರಾನೇ ಬರ್ಲಿಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ನಿಂದು ಗಟ್ಟಿ ಜೀವ. ನೀನು ಕುಡಿಸೋದು ನೋಡ್ದಾಗೆಲ್ಲ ನಂಗೆ ಹೊಟ್ಟೆ ಉರಿಯೋದು ಕಣೆ."

ಇಷ್ಟು ವರ್ಷ ನಾನು ಅವರನ್ನು ಹೊಟ್ಟೆಕಿಚ್ಚಿನವರೆಂದು ಬೈದುಕೊಂಡದ್ದು ಸರಿಯಾಗಿಯೇ ಇತ್ತು, ಆದರೆ ಕಾರಣ ನನಗೆ ಗೊತ್ತಿರಲಿಲ್ಲ. ಒಳಗೆ ಹೋಗಿ ಅಕ್ಕಿರೊಟ್ಟಿಗೆ ಕಲಸಿಟ್ಟಿದ್ದ ಹಿಟ್ಟಿನಿಂದ ಒಂದು ಉಂಡೆ ಕಿತ್ತು ತಂದೆ, ಹಲ್ಲನ್ನು ಅದರೊಳಗೆ ಒತ್ತಿ ಅತ್ತೆಯ ಕೈಯಲ್ಲಿಟ್ಟೆ.

"ನೀವು ಎಸೀರಿ."

"ನಂಗೆಲ್ಲಿ ಆಯ್ತದೆ, ರಟ್ಟೆ ನೋವು."

"ಬಿದ್ರೆ ಇನ್ನೊಂದ್ಸಲ ಎಸೆಯೋಣ. ಹಿಟ್ಟು ಬೇಕಾದಷ್ಟಿದೆ."

ಅತ್ತೆ ಎದ್ದು, ಸೆರಗು ಸಿಕ್ಕಿಸಿ, ಎಸೆದರು. ಉಂಡೆ ಶೀಟಿಗೆ ಮೆತ್ತಿಕೊಂಡಿತು. ಜಾರುತ್ತದೇನೋ ಎಂದು ಮೂವರೂ ಕತ್ತೆತ್ತಿ ನೋಡುತ್ತಾ ನಿಂತೆವು. ಜಾರಲಿಲ್ಲ.