ಕೋಚ್ ಒಪ್ಪಂದದ ಒಂದು ಷರತ್ತು

ಹ್ಯೂಸ್ಟನ್ನಿನ ಒಂದು ವಿಶ್ವವಿದ್ಯಾಲಯದಲ್ಲಿ ನಾನು ಸಂಖ್ಯಾಶಾಸ್ತ್ರ ಕಲಿಸುತ್ತೇನೆ. ಮೈಸೂರಿನಿಂದ ಬಂದು ಇಪ್ಪತ್ತು ವರ್ಷಗಳ ಮೇಲಾಯಿತು. ಅದರಲ್ಲಿ ಮೊದಲ ಹದಿನೈದು ವರ್ಷ ನಮ್ಮದೇ ಕ್ಯಾಂಪಸ್ಸಿನ ಫುಟ್‌ಬಾಲ್ ಸ್ಟೇಡಿಯಂ ಒಳಗೆ ನಾನು ಕಾಲಿಟ್ಟವಳಲ್ಲ. ಇಲ್ಲಿ ಫುಟ್‌ಬಾಲ್ ಎಂದರೆ ಹೆಲ್ಮೆಟ್ ಹಾಕಿಕೊಂಡು, ಉದ್ದನೆಯ ಚೆಂಡನ್ನು ಕಂಕುಳಲ್ಲಿ ಹಿಡಿದು ಓಡುವ ಆಟ. ಪಂದ್ಯವಿರುವ ಶನಿವಾರ ಪಾರ್ಕಿಂಗ್ ಸಿಗುವುದಿಲ್ಲ ಎಂಬುದಷ್ಟೇ ಆ ಆಟಕ್ಕೂ ನನಗೂ ಇದ್ದ ಸಂಬಂಧ.

ಒಂದು ಫೆಬ್ರವರಿಯಲ್ಲಿ ನನ್ನ ಕ್ಲಾಸಿನ ವಿದ್ಯಾರ್ಥಿಯೊಬ್ಬ ಆಫೀಸಿಗೆ ಬಂದ. ಬಾಗಿಲು ತುಂಬುವಷ್ಟು ಆಳು. ಪೂರ್ವ ಟೆಕ್ಸಸ್‌ನ ಯಾವುದೋ ಸಣ್ಣ ಊರಿನವನು, ತಂಡದಲ್ಲಿ ಎದುರಾಳಿಗಳಿಗೆ ಮೈಯೊಡ್ಡಿ ತಡೆಯುವ ಮುಂದಿನ ಸಾಲಿನ ಆಟಗಾರ. ಹಿಂದಿನ ಅಕ್ಟೋಬರಿನಲ್ಲಿ ಮೊಣಕಾಲಿನ ಆಪರೇಷನ್ ಆಗಿತ್ತು. ಕೈಯಲ್ಲಿ ನನ್ನ ಕ್ಲಾಸು ಬಿಡುವ ಫಾರ್ಮ್ ಹಿಡಿದಿದ್ದ.

"ಚೆನ್ನಾಗಿ ಮಾಡ್ತಿದ್ದೀಯಲ್ಲ, ಯಾಕೆ ಬಿಡ್ತೀಯ?" ಎಂದು ಕೇಳಿದೆ.

"ಹೊಸ ಕೋಚ್ ಕರೆಸಿದ್ರು ಮೇಡಂ. ನನ್ನ ಜಾಗ ಬೇರೆಯವರಿಗೆ ಬೇಕಂತೆ. ಸ್ಕಾಲರ್‌ಷಿಪ್ ಮೇ ತಿಂಗಳವರೆಗೆ ಮಾತ್ರ. ಬೇರೆ ಕಾಲೇಜು ನೋಡ್ಕೋ ಅಂದ್ರು."

"ಈ ಮೊಣಕಾಲಿಗೆ ಯಾವ ಕಾಲೇಜು ಕರೆಯುತ್ತೆ?"

ಅವನು, ಮನೆಗೆ ಹೋಗಿ ಕೆಲಸ ಹುಡುಕುವುದೇ ಆದರೆ ಮೇವರೆಗೆ ಕಾಯುವುದೇಕೆ ಎಂದಷ್ಟೇ ಹೇಳಿ ಪೆನ್ನು ಮುಂದೆ ಮಾಡಿದ. ನನಗೆ ಅದಾದ ಮೇಲೆ ಇನ್ನೊಂದು ಕ್ಲಾಸಿತ್ತು, ಗಡಿಯಾರ ನೋಡಿದೆ, ಸಹಿ ಹಾಕಿಬಿಟ್ಟೆ. ಥ್ಯಾಂಕ್ಸ್ ಹೇಳಿ, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹೋದ.

ಸಂಜೆ ಅಡಿಗೆ ಮಾಡುತ್ತಾ ಮಗಳಿಗೆ ಹೇಳಿದೆ. ಅವಳು ಹೈಸ್ಕೂಲಿನ ಬ್ಯಾಂಡಿನಲ್ಲಿ ಡ್ರಮ್ ಬಾರಿಸುತ್ತಾಳೆ, ಫುಟ್‌ಬಾಲ್ ಚೆನ್ನಾಗಿ ಗೊತ್ತು.

"ಅಮ್ಮಾ, ಕೋಚ್ ಚೇಂಜ್ ಆದ್ರೆ ಎವ್ರಿಥಿಂಗ್ ಚೇಂಜಸ್," ಎಂದಳು.

"ಓದಿಸ್ತೀವಿ ಅಂತ ಅವನಿಗೆ ಕೊಟ್ಟ ಮಾತು?"

"ದಟ್ ವಾಸ್ ದಿ ಓಲ್ಡ್ ಕೋಚ್."

ಆ ವಾರವೆಲ್ಲ ನಾನು ಕೂತು ಓದಿದೆ, ಸಿಕ್ಕವರನ್ನು ಕೇಳಿದೆ. ಹಳೆಯ ಕೋಚ್ ಸತತವಾಗಿ ಸೋತಿದ್ದರು. ಆದರೆ ಅವರ ಒಪ್ಪಂದದಲ್ಲಿ ಇನ್ನೂ ವರ್ಷಗಳು ಬಾಕಿ ಇದ್ದವು, ತೆಗೆಯಬೇಕಾದರೆ ಅಷ್ಟೂ ವರ್ಷದ ಸಂಬಳ ಕೊಟ್ಟೇ ಕಳಿಸಬೇಕು. ವಿಶ್ವವಿದ್ಯಾಲಯದ ಹತ್ತಿರ ಅಷ್ಟು ಹಣವಿರಲಿಲ್ಲ. ಡಾಲಸ್ ಕಡೆಯ ಕೆಲವು ದಾನಿಗಳು ಸೇರಿ ಕೊಟ್ಟರು. ಹೊಸ ಕೋಚ್ ಬಂದವರು ತಮ್ಮ ಸಹಾಯಕರನ್ನೆಲ್ಲ ಜೊತೆಗೇ ಕರೆತಂದರು. ಹಳೆಯ ತಂಡದಲ್ಲಿ ಬೇಡವೆನಿಸಿದವರನ್ನು ಕರೆದು, ಇಲ್ಲಿ ನಿಮಗೆ ಆಡಲು ಸಿಗುವುದಿಲ್ಲ ಎಂದು ಹೇಳಿ ಜಾಗ ಖಾಲಿ ಮಾಡಿಸಿದರು. ಸ್ಕಾಲರ್‌ಷಿಪ್ ವರ್ಷವರ್ಷ ನವೀಕರಿಸುವಂಥದ್ದಾದ್ದರಿಂದ ಎಲ್ಲವೂ ನಿಯಮದ ಒಳಗೇ ಇತ್ತು. ನಾನು ಹಾಕಿದ ಸಹಿಯೂ ನಿಯಮದ ಒಳಗೇ ಇತ್ತು. ಅದು ನನ್ನನ್ನು ಬಿಡಲಿಲ್ಲ.

ಮೂರು ವರ್ಷದ ನಂತರ ಆ ಹೊಸ ಕೋಚನ್ನೂ ತೆಗೆದರು. ಕ್ರೀಡಾ ವಿಭಾಗದ ನಿರ್ದೇಶಕರು ನನಗೆ ಫೋನ್ ಮಾಡಿದರು. ಆಯ್ಕೆ ಸಮಿತಿಯಲ್ಲಿ ಅಧ್ಯಾಪಕರ ಕಡೆಯಿಂದ ಒಬ್ಬರು ಇರಬೇಕೆಂಬ ಪದ್ಧತಿಯಿತ್ತು. ಕೇಳಿದವರೆಲ್ಲ ಬೇಡವೆಂದಿದ್ದರಂತೆ.

"ಹೆಚ್ಚು ಕೆಲಸ ಇರೋದಿಲ್ಲ, ಎರಡು ಮೂರು ಮೀಟಿಂಗ್ ಅಷ್ಟೇ," ಎಂದರು. ಕೂತು ಎದ್ದು ಬಂದರೆ ಸಾಕು ಎಂದು ಅವರ ಧ್ವನಿಯೇ ಹೇಳುತ್ತಿತ್ತು.

"ಬರ್ತೀನಿ," ಎಂದೆ. ಆ ವಾರಾಂತ್ಯ ಕೂತು ಒಂದು ಷರತ್ತನ್ನು ಬರೆದೆ. ಸ್ಕಾಲರ್‌ಷಿಪ್ ಮೇಲೆ ಬಂದ ಆಟಗಾರನನ್ನು ಕೋಚ್ ತಂಡದಿಂದ ಬಿಟ್ಟರೂ, ಅವನು ಪಾಸಾಗುತ್ತಾ ಇಲ್ಲೇ ಓದಲು ಬಯಸಿದರೆ, ಡಿಗ್ರಿ ಮುಗಿಯುವವರೆಗೆ ಫೀಸು ಮತ್ತು ವಸತಿಯನ್ನು ಕ್ರೀಡಾ ವಿಭಾಗವೇ ಕೊಡಬೇಕು. ಇದು ಕೋಚಿನ ಒಪ್ಪಂದದಲ್ಲೇ ಇರಬೇಕು, ಅದರ ಕೆಳಗೆ ಕೋಚ್ ಸಹಿ ಹಾಕಬೇಕು. ಹತ್ತು ಸಲ ತಿದ್ದಿ ಅರ್ಧ ಪುಟಕ್ಕೆ ಇಳಿಸಿದೆ.

ಮೊದಲ ಮೀಟಿಂಗ್ ಇರ್ವಿಂಗ್‌ನ ಒಂದು ಆಫೀಸಿನಲ್ಲಿತ್ತು. ದೊಡ್ಡ ದಾನಿಗಳೆಲ್ಲ ಡಾಲಸ್ ಸುತ್ತಮುತ್ತಲಿನವರಾದ್ದರಿಂದ ನಾವೇ ಅವರಿದ್ದಲ್ಲಿಗೆ ಹೋಗಬೇಕಾಗಿತ್ತು. ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ಹೋದೆ. ಎರಡು ಗಂಟೆ ಹೊತ್ತು ಹೆಸರುಗಳ ಚರ್ಚೆ ನಡೆಯಿತು. ಕೊನೆಗೆ ನನ್ನ ಕಾಗದ ಹಂಚಿದಾಗ ನಿರ್ದೇಶಕರು ಅದನ್ನು ಓದಿ ಮಡಚಿಟ್ಟರು.

"ಒಳ್ಳೆಯ ಯೋಚನೆ. ಆದರೆ ಹಳಬರ ಫೀಸಿಗೆ ಹಣ ಹೋದರೆ ಹೊಸಬರನ್ನ ತರೋಕೆ ಕಡಿಮೆಯಾಗುತ್ತೆ, ಇದನ್ನ ಮುಂದಿಟ್ಟರೆ ಒಳ್ಳೆಯ ಕೋಚ್‌ಗಳು ನಮ್ಮ ಹತ್ತಿರ ಬರೋದಿಲ್ಲ. ಆಮೇಲೆ ನೋಡೋಣ."

ಹೊರಗೆ ಕಾರಿನ ಹತ್ತಿರ ಹೋಗುತ್ತಿದ್ದಾಗ ಹಿಂದಿನಿಂದ ಕನ್ನಡ ಕೇಳಿಸಿತು. "ನೀವು ಮೈಸೂರು ಕಡೆಯವರೇನ್ರಿ ಮೇಡಂ? ನಿಮ್ಮ ಹೆಸರು ನೋಡಿ ಅನ್ಕೊಂಡೆ."

ಮೀಟಿಂಗಿನಲ್ಲಿ ಹೆಚ್ಚು ಮಾತಾಡದೆ ಕುಳಿತಿದ್ದ ಹಿರಿಯರು. ಹುಬ್ಬಳ್ಳಿಯವರು. ವಿಮಾನ ನಿಲ್ದಾಣದ ಪಕ್ಕ ಯೂಲೆಸ್‌ನಲ್ಲಿ ಗೋದಾಮುಗಳನ್ನಿಟ್ಟುಕೊಂಡು ಸರಕು ಸಾಗಿಸುವ ವ್ಯಾಪಾರ ಮಾಡುತ್ತಾರೆ. ಮಗ ನಮ್ಮಲ್ಲೇ ಓದಿದವನು. ಅವನ ಜೊತೆ ಪಂದ್ಯಕ್ಕೆ ಹೋಗಿ ಹೋಗಿ ಹುಚ್ಚು ಹಿಡಿಯಿತಂತೆ. ಹಿಂದಿನ ಇಬ್ಬರು ಕೋಚ್‌ಗಳನ್ನು ಕಳಿಸುವುದಕ್ಕೂ ಅವರ ಹಣ ಹೋಗಿತ್ತು.

ಊಟ ಮಾಡದೆ ನಾಲ್ಕು ಗಂಟೆ ಡ್ರೈವ್ ಮಾಡಬೇಡಿ ಎಂದು ಸೌತ್‌ಲೇಕ್‌ನ ಮನೆಗೆ ಕರೆದುಕೊಂಡು ಹೋದರು. ಅವರ ಹೆಂಡತಿ ಚುರುಮುರಿ ನೆನೆಸಿ ಸುಸಲಾ ಮಾಡಿದ್ದರು. ತಟ್ಟೆ ಕೈಗೆ ಬಂದ ಮೇಲೆ ನಾನು ಸುತ್ತಿ ಬಳಸದೆ ಕೇಳಿದೆ.

"ಸರ್, ಕೋಚ್ ಬದಲಾದಾಗ ಎಷ್ಟು ಹುಡುಗರು ಓದು ಬಿಟ್ಟು ಹೋದರು ಅಂತ ನಿಮಗೆ ಗೊತ್ತಾ?"

ಅವರು ತಮ್ಮ ತಟ್ಟೆಯನ್ನು ಕೆಳಗಿಟ್ಟರು. "ಗೊತ್ತಿದ್ದಿಲ್ಲ ಅಂದ್ರ ಸುಳ್ಳಾಗ್ತದರಿ. ನಾ ಕೇಳಿದ್ದಿಲ್ಲ."

ಮೊಣಕಾಲಿನ ಹುಡುಗನ ಕಥೆ ಹೇಳಿದೆ, ನಾನೇ ಸಹಿ ಹಾಕಿದ್ದನ್ನೂ ಹೇಳಿದೆ. ಅವರ ಹೆಂಡತಿ ಅಡಿಗೆಮನೆಯ ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು.

"ಒಂದು ಕೆಲಸ ಮಾಡೂಣ," ಎಂದರು ಹಿರಿಯರು. "ಅಂಥಾ ಹುಡುಗರ ಸಲುವಾಗಿ ನಮ್ಮ ತಂದಿ ಹೆಸರಿನ್ಯಾಗ ಒಂದಿಷ್ಟು ರೊಕ್ಕ ಇಡ್ತೀನಿ. ನೀವ ನೋಡ್ಕೊಳ್ರಿ."

ಅದು ಸಣ್ಣ ಮಾತಾಗಿರಲಿಲ್ಲ. ಒಪ್ಪಿಕೊಂಡಿದ್ದರೆ ಅಂದೇ ಗೆದ್ದು ಮನೆಗೆ ಹೋಗಬಹುದಿತ್ತು. ಆದರೆ ಆ ಹಣ ಅವರ ಮನಸ್ಸಿರುವವರೆಗೆ ಇರುತ್ತದೆ. ಕೋಚ್ ಮಾತ್ರ ಮೊದಲಿನಂತೆಯೇ ಯಾರನ್ನು ಬೇಕಾದರೂ ಕಳಿಸಬಹುದು, ಅವರ ಹಿಂದೆ ನಾವು ಚೀಲ ಹಿಡಿದುಕೊಂಡು ಓಡಾಡಬೇಕು.

"ಬೇಡ ಸರ್," ಎಂದೆ.

"ರೊಕ್ಕ ಬ್ಯಾಡ ಅಂದ ಪ್ರೊಫೆಸರ್ ನೀವ ಮೊದಲನೇದವರು ನೋಡ್ರಿ," ಎಂದು ಅವರ ಹೆಂಡತಿ ನಕ್ಕರು.

"ಕೊಡೋ ಹಣ ಕೊಡಿ ಸರ್. ಕೊಡೋಕೆ ಮುಂಚೆ ಈ ಷರತ್ತು ಒಪ್ಪಂದದಲ್ಲಿ ಬರಬೇಕು ಅಂತ ಹೇಳಿ. ನಾನು ಹೇಳಿದ್ರೆ ಕಾಗದ ಮಡಚಿಡ್ತಾರೆ. ನೀವು ಹೇಳಿದ್ರೆ ಬಿಚ್ಚಿ ಓದ್ತಾರೆ."

"ಅದು ನನಗ ತ್ರಾಸಿನ ಕೆಲಸ ಆಗ್ತದರಿ. ಉಳಿದವರು ಒಪ್ಪಬೇಕಲ್ಲ."

"ನನಗೂ ತ್ರಾಸೇ ಸರ್."

ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಕಾಗದ ಇಸಿದುಕೊಂಡರು, ಅಷ್ಟೇ. ಮುಂದಿನ ಎರಡು ವಾರ ನಾನು ಸಮಿತಿಯ ಒಬ್ಬೊಬ್ಬರಿಗೂ ಫೋನ್ ಮಾಡಿದೆ. ಇಬ್ಬರು ಎತ್ತಲೇ ಇಲ್ಲ. ಒಬ್ಬರು, ನೀವು ಒಂದಾದರೂ ಪಂದ್ಯ ನೋಡಿದ್ದೀರಾ ಎಂದು ಕೇಳಿದರು. ನೋಡಿರಲಿಲ್ಲ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹಿಂದಿನ ವರ್ಷದ ಪಂದ್ಯಗಳನ್ನೆಲ್ಲ ನೋಡಿದೆ. ಮುಂದಿನ ಸಾಲಿನವರಿಗೆ ಎಷ್ಟು ಪೆಟ್ಟು ಬೀಳುತ್ತದೆ ಎಂಬುದು ಆಗಲೇ ತಿಳಿದದ್ದು.

ಕೊನೆಯ ಸಂದರ್ಶನ ಆಸ್ಟಿನ್‌ನಲ್ಲಿ. ಎಲ್ಲರಿಗೂ ಒಪ್ಪಿಗೆಯಾಗಿದ್ದ ಕೋಚ್ ಅಲ್ಲಿಯವರು. ನದಿಯ ಹತ್ತಿರದ ಹೋಟೆಲಿನ ಒಂದು ಕೋಣೆಯಲ್ಲಿ ಕುಳಿತೆವು. ಅವರ ಜೊತೆ ಅವರ ಏಜೆಂಟ್ ಇದ್ದ. ಒಳಗೆ ಹೋಗುವ ಮುಂಚೆ ನಿರ್ದೇಶಕರು ನನ್ನನ್ನು ಪಕ್ಕಕ್ಕೆ ಕರೆದು, "ಇವತ್ತು ಅದು ಬೇಡ, ದಯವಿಟ್ಟು," ಎಂದರು. ನಾನು ತಲೆಯಾಡಿಸಲಿಲ್ಲ.

ಸಂಬಳ, ಸಹಾಯಕರ ಸಂಬಳ, ಹೊಸ ಅಭ್ಯಾಸ ಮೈದಾನ ಎಲ್ಲ ಮುಗಿದವು. ಯಾರಿಗಾದರೂ ಪ್ರಶ್ನೆಗಳಿವೆಯೇ ಎಂದಾಗ ಕೈ ಎತ್ತಿದೆ. ಷರತ್ತನ್ನು ಕೊನೆಯ ಸಾಲಿನವರೆಗೆ ಓದಿ ಹೇಳಿದೆ. "ನೀವು ಹಿಂದೆ ಹೋದ ಕಡೆ ಹಳೆಯ ಹುಡುಗರನ್ನು ಹೀಗೆ ಕಳಿಸಿದ್ದೀರಾ?" ಎಂದು ಕೇಳಿದೆ.

ಏಜೆಂಟ್ ಏನೋ ಹೇಳಲು ಹೋದ. ಕೋಚ್ ಅವನನ್ನು ತಡೆದರು.

"ಕಳಿಸಿದ್ದೀನಿ. ಎರಡು ಕಡೆ. ಕೆಲವರ ಮುಖ ಇನ್ನೂ ನೆನಪಿದೆ. ಆದರೆ ಗೆಲ್ಲದಿದ್ರೆ ನನ್ನನ್ನೂ ಹೀಗೇ ಕಳಿಸ್ತೀರಿ."

"ನಿಮಗೆ ಉಳಿದ ವರ್ಷದ ಸಂಬಳ ಕೊಟ್ಟು ಕಳಿಸ್ತಾರೆ," ಎಂದೆ.

ಆಗ ಹುಬ್ಬಳ್ಳಿಯ ಹಿರಿಯರು ಗಂಟಲು ಸರಿಮಾಡಿಕೊಂಡರು. ಇಂಗ್ಲಿಷಿನಲ್ಲಿ, ನಿಧಾನವಾಗಿ, ಆ ಷರತ್ತಿಲ್ಲದಿದ್ದರೆ ಈ ಸಲ ತಮ್ಮ ಹಣವೂ ಇಲ್ಲ ಎಂದರು.

ಕೋಚ್ ಬೆರಳಿನಲ್ಲಿ ಮೇಜು ತಟ್ಟುತ್ತಾ ಯೋಚಿಸಿದರು. ಸಹಿ ಹಾಕಲು ಸಿದ್ಧ, ಆದರೆ ಮುಂದಿನ ಸಾಲಿಗೆಂದೇ ಇನ್ನೊಬ್ಬ ಸಹಾಯಕ ಕೋಚ್ ಬೇಕು ಎಂದರು. ಅವರು ಹೇಳಿದ ಸಂಬಳ ನನ್ನ ವಿಭಾಗದ ಯಾವ ಪ್ರೊಫೆಸರಿಗೂ ಇಲ್ಲ. ಎಲ್ಲರೂ ನನ್ನತ್ತ ನೋಡಿದರು. ಅಧ್ಯಾಪಕರ ಪ್ರತಿನಿಧಿಯಾಗಿ ಬಂದವಳು ಅಂಥ ಸಂಬಳಕ್ಕೆ ಕೈ ಎತ್ತಬೇಕಾಗಿತ್ತು. ಎತ್ತಿದೆ. ಆ ನಂತರ ನನ್ನ ಸಹೋದ್ಯೋಗಿಗಳು ಇದನ್ನು ಬಹಳ ದಿನ ಆಡಿಕೊಂಡರು. ಅವರದು ತಪ್ಪೇನಲ್ಲ.

ಮೊಣಕಾಲಿನ ಹುಡುಗನಿಗೆ ಇದರಿಂದ ಏನೂ ಆಗಲಿಲ್ಲ. ಹಿಂದೆ ಬಿಟ್ಟುಹೋದವರನ್ನೂ ಸೇರಿಸಿ ಎಂದು ನಿರ್ದೇಶಕರಿಗೆ ಮೂರು ಸಲ ಬರೆದೆ, ಮೂರು ಸಲವೂ ಆಗುವುದಿಲ್ಲವೆಂದರು. ಅವನನ್ನು ಹುಡುಕಿ ಇಮೇಲ್ ಮಾಡಿದೆ. ಕಟ್ಟಡ ಸಾಮಾನಿನ ಅಂಗಡಿಯಲ್ಲಿ ಕೆಲಸದಲ್ಲಿದ್ದ. ಊರಿನ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಸಂಜೆ ಕ್ಲಾಸಿಗೆ ಸೇರಿದ್ದ. ನಾನು ಕ್ಷಮೆ ಕೇಳಿದ್ದಕ್ಕೆ, ಆ ದಿನ ಯಾಕೆ ಎಂದು ಕೇಳಿದವರು ನೀವೊಬ್ಬರೇ ಎಂದು ಬರೆದ. ಅದರಿಂದ ನನಗೆ ಸಮಾಧಾನವೇನೂ ಆಗಲಿಲ್ಲ.

ಹೊಸ ಕೋಚ್ ಬಂದ ಜನವರಿಯಲ್ಲಿ ಮತ್ತೆ ಕೆಲವರಿಗೆ ತಂಡದಲ್ಲಿ ಜಾಗವಿಲ್ಲವೆಂದು ಹೇಳಿದರು. ಅವರಲ್ಲಿ ಹೆಚ್ಚಿನವರು ಬೇರೆ ತಂಡಗಳಿಗೆ ಹೋದರು, ಅವರಿಗೆ ಆಡುವುದೇ ಮುಖ್ಯವಾಗಿತ್ತು. ನಾಲ್ಕು ಜನ ಷರತ್ತಿನ ಪ್ರಕಾರ ಇಲ್ಲೇ ಓದಲು ಉಳಿದರು. ಒಬ್ಬ ಈಗ ನಮ್ಮಲ್ಲೇ ನರ್ಸಿಂಗ್ ಓದುತ್ತಿದ್ದಾನೆ. ಅವರ ಫೀಸು ಕಟ್ಟಿದೆಯೇ ಎಂದು ಪ್ರತಿ ಸೆಮಿಸ್ಟರಿನ ಮೊದಲ ವಾರ ನಾನೇ ಫೀಸಿನ ಆಫೀಸಿಗೆ ಹೋಗಿ ನೋಡಿ ಬರುತ್ತೇನೆ. ಅಲ್ಲಿಯ ಹುಡುಗಿಗೆ ನನ್ನನ್ನು ಕಂಡರೆ ಬೇಸರ. ಪರವಾಗಿಲ್ಲ.

ತಂಡ ಈ ವರ್ಷ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. ಮೊನ್ನೆ ಸೌತ್‌ಲೇಕ್‌ನಿಂದ ಹಿರಿಯರ ಫೋನ್ ಬಂತು.

"ಮೇಡಂ, ಮತ್ತ ಕೋಚ್ ಬದಲಿ ಮಾಡೂಣ ಅಂತ ಇಲ್ಲಿ ಕೆಲವರು ಮಾತಾಡಾಕ ಹತ್ಯಾರ್ರಿ."

"ನೀವೇನಂದ್ರಿ?"

"ಇನ್ನೊಂದು ವರ್ಷ ನೋಡೂಣ ಅಂದೆ. ನನ್ನ ಮಾತು ನಿಲ್ತದೋ ಇಲ್ಲೋ ಗೊತ್ತಿಲ್ಲ. ಸಮಿತಿ ಆದ್ರ ನೀವು ಬರ್ತೀರಿಲ್ಲ?"

"ಬರ್ತೀನಿ ಸರ್," ಎಂದೆ. ಸ್ಕಾಲರ್‌ಷಿಪ್ ಇಲ್ಲದೆ, ತಮ್ಮದೇ ಖರ್ಚಿನಲ್ಲಿ ಓದುತ್ತಾ ತಂಡದಲ್ಲಿ ಆಡುವವರೂ ಇದ್ದಾರೆ. ಅವರಿಗೆ ಪೆಟ್ಟಾದರೆ ನೋಡಿಕೊಳ್ಳುವವರು ಯಾರು ಎಂಬುದು ಯಾವ ಒಪ್ಪಂದದಲ್ಲೂ ಇಲ್ಲ. ಈ ಸಲ ಅದನ್ನೂ ಷರತ್ತಾಗಿ ಸೇರಿಸಬೇಕೆಂದು ಹಿರಿಯರಿಗೆ ವಿವರಿಸಿ ಹೇಳಿದೆ.

"ಬರದು ಕಳಸ್ರಿ, ಓದ್ತೀನಿ," ಎಂದರು.