ಮುಂಗೈಗೆ ಎಣ್ಣೆ

ಮಹಾಬಲ ಶೆಟ್ಟರ ಕಾಲೆರಡೂ ಸೋತಿದ್ದವು, ಕೈ ಮಾತ್ರ ಸೋತಿರಲಿಲ್ಲ. ಮಗ್ಗುಲು ಬದಲಿಸಲು ಹೋದವರ ಮುಂಗೈ ಹಿಡಿದು ಉಗುರು ಊರಿದರೆಂದರೆ ಏಡಿ ಕಚ್ಚಿದ ಹಾಗೆ. ಬಿಡಿಸಿಕೊಳ್ಳುವಷ್ಟರಲ್ಲಿ ಚರ್ಮ ಕಿತ್ತಿರುತ್ತಿತ್ತು. ಕುಂದಾಪುರದಾಚೆಯ ಆ ವೃದ್ಧಾಶ್ರಮದಲ್ಲಿ ಅವರನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಮೊದಲೇ ಹೇಳಿಬಿಡುತ್ತೇನೆ, ನನಗೆ ಆ ಮನುಷ್ಯನನ್ನು ಕಂಡರೆ ಆಗುತ್ತಿರಲಿಲ್ಲ.

ಮುಂಬಯಿಯಲ್ಲಿ ಹೋಟೆಲ್ ನಡೆಸಿದವರು. ಗಲ್ಲಾದಲ್ಲಿ ಕೂತು ಮಾಣಿಗಳನ್ನು ಗದರಿದ ಚಾಳಿ ಮಂಚ ಹಿಡಿದ ಮೇಲೂ ಹೋಗಲಿಲ್ಲ. ಚಪ್ಪಾಳೆ ತಟ್ಟಿ, "ಹ್ವಾಯ್, ಟೇಬಲ್ ಕ್ಲೀನ್ ಮಾಡ್!" ಎನ್ನುವರು. ಕ್ಲೀನ್ ಮಾಡಬೇಕಾದದ್ದು ಗಂಜಿ ಸುರಿದ ಅವರ ಗದ್ದ. ಗಂಜಿ ಆರಿದ್ದರೆ ತಟ್ಟೆಯೇ ನನ್ನ ಮೈಮೇಲೆ ಬರುತ್ತಿತ್ತು.

"ನನ್ನ ಹೋಟ್ಲ್ ಆಗಿದ್ರೆ ನಿನ್ನ ಅವತ್ತೇ ಓಡಿಸ್ತಿದ್ದೆ."

"ಓಡ್ಸಿ ಶೆಟ್ರೇ, ಯಾರ್ ಬ್ಯಾಡ ಅಂದದ್ದ್? ಮಗ್ಗಲ್ ತಿರ್ಗ್ಸುಕೆ ನಿಮ್ ಗಲ್ಲಾಪೆಟ್ಗಿ ಬತ್ತಾ?" ನಾನೂ ಬಿಡುತ್ತಿರಲಿಲ್ಲ.

ಉಪಾಯ ಹೇಳಿಕೊಟ್ಟವಳು ಜೊತೆಗೆ ಕೆಲಸ ಮಾಡುವ ಮರವಂತೆಯ ಗುಲಾಬಿ. "ಮುಂಗೈಗೆ ತೆಂಗಿನೆಣ್ಣಿ ಹಚ್ಕಂಡ್ ಹೋಗ್ ಮರಾಯ್ತಿ. ಹಿಡ್ದ್ರೂ ಜಾರತ್ತ್." ಅಂದಿನಿಂದ ಎಣ್ಣೆ ಸವರಿಕೊಳ್ಳದೆ ನಾನು ಅವರ ಕೋಣೆಗೆ ಕಾಲಿಟ್ಟದ್ದೇ ಇಲ್ಲ. ಒಂದು ದಿನ ಹಾಗೆ ಜಾರಿದ ಶೆಟ್ಟರ ಕೈ ಮಂಚದ ಕಬ್ಬಿಣಕ್ಕೆ ಬಡಿದು ಊದಿಕೊಂಡಿತು.

ಭಾನುವಾರ ಅವರ ಮಗಳು ಬಂದಳು, ಊದಿದ ಕೈ ಕಂಡಳು. "ಇದೆಂತ ಅಪ್ಪಯ್ಯ?"

ಶೆಟ್ಟರು ನನ್ನತ್ತ ಬೆರಳು ಮಾಡಿದರು. "ಇವ್ಳೇ ಹೊಡ್ದದ್ದ್."

ನಾನು ಅಂಗಿಯ ತೋಳು ಸರಿಸಿ ಗಾಯದ ಕಲೆಗಳನ್ನು ತೋರಿಸಿದೆ. ಮಗಳು ಕರೆಸಿದ ಆಶ್ರಮದ ಮ್ಯಾನೇಜರ್ ಅತ್ತ ನೋಡಲೂ ಇಲ್ಲ. "ಮೊದ್ಲ್ ತಪ್ಪಾಯ್ತ್ ಅಂತ ಹೇಳ್. ನಾಳೆಯಿಂದ ಬಪ್ಪುದ್ ಬ್ಯಾಡ" ಎಂದರು. ಬೈಂದೂರಿನ ನನ್ನ ಮನೆಯ ಒಲೆ ಉರಿಯುತ್ತಿದ್ದದ್ದೇ ಆ ಕೆಲಸದಿಂದ. ಮಾಡದ ತಪ್ಪಿಗೆ ಕೈಮುಗಿದು ನಿಂತೆ.

ಆಗ ಶೆಟ್ಟರು ಚಪ್ಪಾಳೆ ತಟ್ಟಿದರು. "ಅವ್ಳನ್ ಕಳ್ಸುದ್ ಬ್ಯಾಡ. ಹೊಸಬ್ಳಿಗೆ ಮತ್ತೆ ಶುರುವಿಂದ ಕಲ್ಸುಕೆ ನನ್ನತ್ರ ಆತಿಲ್ಲೆ."

ಹೇಳಿದ್ದು ಸುಳ್ಳು ಎನ್ನಲಿಲ್ಲ, ನನ್ನ ಮುಖ ನೋಡಲಿಲ್ಲ. ಕೆಲಸವೇನೋ ಉಳಿಯಿತು. ಆದರೆ ಕಿತ್ತುಕೊಳ್ಳುವುದೂ ತಿರುಗಿ ಕೊಡುವುದೂ ಆ ಕೈಯದೇ ಎಂದು ತಿಳಿದ ಮೇಲೆ ನನ್ನ ಸಿಟ್ಟು ಇಮ್ಮಡಿಯಾಯಿತು. ಆಮೇಲೂ ಅವರು ಉಗುರು ಊರುವುದನ್ನು ಬಿಡಲಿಲ್ಲ, ನಾನು ಎಣ್ಣೆ ಹಚ್ಚುವುದನ್ನೂ.

ಕಳೆದ ವರ್ಷ ಒಂದು ಬೆಳಿಗ್ಗೆ ಚಹಾದ ಹೊತ್ತಿಗೆ ಶೆಟ್ಟರು ತೀರಿಕೊಂಡರು. ಮಗಳು ಬರುವುದರೊಳಗೆ ಮೈ ಒರೆಸಿ ಪಂಚೆ ಉಡಿಸಬೇಕಿತ್ತು. ಗುಲಾಬಿ ಬಿಸಿನೀರಿಟ್ಟುಕೊಂಡು ಕಾಯುತ್ತಿದ್ದಳು. ನಾನು ಒಳಗೆ ಬಂದದ್ದೇ ನನ್ನ ಕೈಗಳನ್ನೇ ದಿಟ್ಟಿಸಿದಳು.

"ಎಂತ ಮರಾಯ್ತಿ ಇದ್? ಇನ್ನ್ ಯಾರ್ ಹಿಡ್ಕಂತ್ರ್ ನಿನ್ನ?"

ನೋಡಿಕೊಂಡೆ. ಮಣಿಕಟ್ಟಿನಿಂದ ಮೊಣಕೈವರೆಗೆ ಎಣ್ಣೆ ಹೊಳೆಯುತ್ತಿತ್ತು. ನನಗೆ ಅಳು ಬರಲಿಲ್ಲ. ಎಣ್ಣೆ ಒರೆಸಿಕೊಳ್ಳಲೂ ಇಲ್ಲ; ಹಾಗೆಯೇ ಹೋಗಿ ಅವರ ಮಗ್ಗುಲು ತಿರುಗಿಸಿದೆ.