ರೀಡರ್ ಅಂದ್ರೆ ಓದುವವನು

"ಅಯ್ಯೋ, ಪಾಠ ಮಾಡೋದು ಬಿಡಿಸ್ಬುಟ್ಟು ಓದಕ್ಕೆ ಕೂರಿಸವ್ರಾ ಮೇಷ್ಟ್ರೇ?"

ನಮ್ಮ ಮನೆಯ ಮಾಲೀಕರಾದ ತಾಯಮ್ಮನವರು ಹೀಗೆ ಕೇಳಿದಾಗ ಮೈಸೂರು ಪಾಕಿನ ಪೊಟ್ಟಣ ಇನ್ನೂ ನನ್ನ ಕೈಯಲ್ಲೇ ಇತ್ತು. ಅದು ಅರವತ್ತರ ದಶಕದ ಜಯನಗರ. ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರದ ಲೆಕ್ಚರರ್ ಆಗಿದ್ದ ನನಗೆ ಅಂದು ರೀಡರ್ ಆಗಿ ಬಡ್ತಿ ಸಿಕ್ಕಿತ್ತು. ಯಾರ ಶಿಫಾರಸೂ ಇಲ್ಲದೆ ಸ್ವಂತ ಬಲದಿಂದ ಮೇಲೆ ಬಂದೆನೆಂದು ಬೀಗುತ್ತಿದ್ದೆ. ಅವರಿಗೆ ತಿಳಿಯಲೆಂದು "ರೀಡರ್ ಅಂದ್ರೆ ಓದುವವನು" ಎಂದು ಕನ್ನಡದಲ್ಲಿ ಬಿಡಿಸಿ ಹೇಳಿದ್ದೇ ಎಡವಟ್ಟಾಯಿತು.

ವಿವರಿಸಲು ಹೋದರೆ ಅವರು ಬಿಡಲಿಲ್ಲ. "ಬೇಜಾರು ಮಾಡ್ಕಬ್ಯಾಡಿ. ಮನಸಿಟ್ಟು ಓದಿ, ಮತ್ತೆ ಪಾಠ ಮಾಡಕ್ಕೆ ಬುಡ್ತಾರೆ" ಎಂದು ಸಮಾಧಾನ ಹೇಳಿ, ನಮ್ಮ ಮನೆಗೆ ಹುರುಳಿಕಾಳಿನ ಸಾರು ತಂದುಕೊಟ್ಟರು.

ಆತ್ಮವಿಶ್ವಾಸ ಯಾರ ಮಾತಿಗೂ ಅಲುಗಬಾರದೆಂದು ಅಂದು ಬೆಳಿಗ್ಗೆಯಷ್ಟೇ ಹುಡುಗರಿಗೆ ಬೋಧಿಸಿ ಬಂದಿದ್ದವನು ನಾನು. ಸಂಜೆ ಹೆಂಡತಿಯನ್ನು ಮೆಲ್ಲಗೆ ಕೇಳಿದೆ: "ಲೇ, ಇದು ಬಡ್ತಿನೇ ತಾನೆ?"

"ಸಾರು ಆರೋಗುತ್ತೆ, ಬನ್ನಿ ಊಟಕ್ಕೆ" ಎಂದಳು.

ಕೆಲವು ವರ್ಷಗಳ ಮೇಲೆ ಪ್ರೊಫೆಸರ್ ಆದೆ. ಮತ್ತೆ ಪೊಟ್ಟಣ ಹಿಡಿದು ಹೋದವನು ಈ ಸಲ ಅರ್ಥ ಹೇಳುವ ಸಾಹಸ ಮಾಡಲಿಲ್ಲ. "ಪಾಠ ಮಾಡೋಕೆ ಬಿಟ್ರು ಕಣಮ್ಮ" ಎಂದೆ. ತಾಯಮ್ಮನವರ ಮುಖ ಅರಳಿತು. "ಬುಡ್ದೆ ಏನ್ಮಾಡ್ತಾರೆ? ಅವತ್ತಿಂದ ಬನಶಂಕರಮ್ಮಂಗೆ ನಿಂಬೆಹಣ್ಣಿನ ದೀಪ ಹಚ್ತಾನೇ ಇವ್ನಿ!"

ಸ್ವಂತ ಬಲದ ಮಾತನ್ನು ನಾನು ಮತ್ತೆಲ್ಲೂ ಎತ್ತಿಲ್ಲ.